ಸಾಕು ಮೊಲವನ್ನು ಹಸಿ ಸೊಪ್ಪುಗಳೊಂದಿಗೆ ಮನೆಯಲ್ಲೇ ರೋಸ್ಟ್ ಮಾಡುವ ಕ್ರಮ

ಮೊಲದ ಸಾರು ಚೆನ್ನಾಗಿಯೇ ಬರುತ್ತದೆ, ಅದೇ ಮಾಂಸವನ್ನು ಓವನ್‌ನಲ್ಲಿಟ್ಟರೆ ಮಾತ್ರ ಒಣಗಿ ನಾರಾಗುತ್ತದೆ, ಏಕೆ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಅನೇಕ ಮನೆಗಳಿಗೆ ಮಕ್ಕಳ ಹುಟ್ಟುಹಬ್ಬದ ಕೇಕಿಗೆಂದು ಓ.ಟಿ.ಜಿ. ಎಂಬ ಸಣ್ಣ ವಿದ್ಯುತ್ ಓವನ್ ಬಂದಿದೆ, ಅದರಲ್ಲಿ ಕೋಳಿಯನ್ನು ಇಡಿಯಾಗಿ ಸುಟ್ಟು ಗೆದ್ದವರು, ಸಾಕು ಮೊಲ ಸಿಕ್ಕಾಗ ಅದನ್ನೂ ಹಾಗೆಯೇ ಇಟ್ಟುಬಿಡುತ್ತಾರೆ. ತೊಂದರೆ ಇರುವುದು ಅಲ್ಲಿಯೇ. ಕೋಳಿಗೆ ಚರ್ಮವಿದೆ, ಚರ್ಮದ ಕೆಳಗೆ ಕೊಬ್ಬಿದೆ. ಬಿಸಿ ತಗುಲಿದಾಗ ಆ ಕೊಬ್ಬು ಕರಗಿ ಮಾಂಸವನ್ನು ತಾನೇ ನೆನೆಸುತ್ತದೆ. ಮೊಲವನ್ನು ಚರ್ಮ ಸುಲಿದೇ ಕೊಡುತ್ತಾರೆ, 100 ಗ್ರಾಂ ಮಾಂಸದಲ್ಲಿ ಇರುವ ಕೊಬ್ಬು ಸುಮಾರು 5ರಿಂದ 6 ಗ್ರಾಂ ಮಾತ್ರ, ಅದರಲ್ಲಿಯೂ ಹೆಚ್ಚಿನದು ಮೂತ್ರಪಿಂಡದ ಸುತ್ತ ಗಂಟಾಗಿ ಕೂತಿರುತ್ತದೆ. ಅಷ್ಟೇ ಅಲ್ಲ, ಸದಾ ನೆಗೆಯುವ ಹಿಂಗಾಲಿನ ಮಾಂಸ ಗಟ್ಟಿ, ಬೆನ್ನಿನ ಮಾಂಸ ಬಹಳ ಮೃದು. ಹಿಂಗಾಲು ಮೆತ್ತಗಾಗುವಷ್ಟು ಹೊತ್ತು ಕಾದರೆ ಬೆನ್ನು ಒಣಗುತ್ತದೆ, ಬೆನ್ನು ಹದವಾದಾಗ ಹೊರಗೆ ತೆಗೆದರೆ ಹಿಂಗಾಲು ಎಳೆದರೂ ಬಿಡುವುದಿಲ್ಲ. ಆದ್ದರಿಂದ ಒಂದೇ ಪ್ರಾಣಿಯಾದರೂ ಇದನ್ನು ಎರಡು ಬಗೆಯ ಮಾಂಸವೆಂದು ತಿಳಿದು, ಎರಡು ಹೊತ್ತಿಗೆ ಓವನ್‌ಗೆ ಹಾಕಬೇಕು. ಮುಂದೆ ಹೇಳುವ ಎಲ್ಲ ಹಂತಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ಮೊದಲು ಒಂದು ಎಚ್ಚರಿಕೆ

ಈ ಲೇಖನದಲ್ಲಿ ಹೇಳುತ್ತಿರುವುದು ಗೂಡಿನಲ್ಲಿ ಸಾಕಿದ ಮೊಲದ ವಿಷಯವನ್ನು ಮಾತ್ರ. ಪಾವಗಡ, ಶಿರಾ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಕುರುಚಲು ಕಾಡು ಮತ್ತು ಹೊಲದ ಬದುಗಳಲ್ಲಿ ಕಾಣುವ ಕಾಡುಮೊಲ ಬೇರೆಯದೇ ಪ್ರಭೇದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಉರುಳು ಹಾಕಿ ಹಿಡಿಯುವುದು, ಕೊಲ್ಲುವುದು, ಅದರ ಮಾಂಸವನ್ನು ಮಾರುವುದು ಅಥವಾ ಇಟ್ಟುಕೊಳ್ಳುವುದು ಅಪರಾಧ. ಯಾರಾದರೂ ಗೋಣಿಚೀಲದಲ್ಲಿ ತಂದು ಕಡಿಮೆ ಬೆಲೆಗೆ ಕೊಡುತ್ತೇವೆಂದರೆ ಮುಟ್ಟಬೇಡಿ. ಕಾನೂನಿನ ಮಾತು ಹಾಗಿರಲಿ, ಯಾವ ರೋಗವಿತ್ತೋ, ಸತ್ತು ಎಷ್ಟು ಹೊತ್ತಾಯಿತೋ ಗೊತ್ತಿಲ್ಲದ ಕಾಡುಪ್ರಾಣಿಯ ಮಾಂಸವನ್ನು ಅಡುಗೆಮನೆಗೆ ತರುವುದೇ ತಪ್ಪು. ಸುಲಿದ ಮೇಲೂ ಎರಡನ್ನು ಗುರುತಿಸಬಹುದು: ಸಾಕು ಮೊಲದ ಮಾಂಸ ಕೋಳಿಯ ಎದೆಮಾಂಸದಂತೆ ತಿಳಿ ಗುಲಾಬಿಯಾಗಿರುತ್ತದೆ, ಕಾಡುಮೊಲದ್ದು ಕಡುಗೆಂಪು.

ಹಂತ 1: ಮೊಲವನ್ನು ಆರಿಸುವುದು

ನಮ್ಮಲ್ಲಿ ಮಾಂಸಕ್ಕಾಗಿ ಸಾಕುವ ತಳಿಗಳಲ್ಲಿ ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲಾ, ಗ್ರೇ ಜೈಂಟ್, ವೈಟ್ ಜೈಂಟ್ ಮುಖ್ಯವಾದವು. ತಳಿ ಯಾವುದಾದರೂ ರೋಸ್ಟ್‌ಗೆ ದೊಡ್ಡ ವ್ಯತ್ಯಾಸವಾಗದು, ವಯಸ್ಸು ಮಾತ್ರ ಬಹಳ ಮುಖ್ಯ. ಸುಮಾರು ಮೂರು ತಿಂಗಳ, ಜೀವಂತ ತೂಕ 2 ಕಿಲೋ ಆಸುಪಾಸಿನ ಎಳೆಯ ಮೊಲವನ್ನು ಕೇಳಿ. ಚರ್ಮ, ತಲೆ, ಕರುಳು ತೆಗೆದ ಮೇಲೆ ಅದು 1 ಕಿಲೋ ಅಥವಾ ಸ್ವಲ್ಪ ಹೆಚ್ಚು ತೂಗುತ್ತದೆ, ನಾಲ್ಕು ಜನರಿಗೆ ಸಾಕು. ಮರಿ ಹಾಕಿ ಹಾಕಿ ವಯಸ್ಸಾದ ಹೆಣ್ಣು ಮೊಲಗಳನ್ನು ಸಾಕಣೆದಾರರು ಕಡಿಮೆ ಬೆಲೆಗೆ ಬಿಟ್ಟುಕೊಡುವುದುಂಟು. ಅವು ಸಾರಿಗೆ ಉತ್ತಮ, ರೋಸ್ಟ್‌ಗೆ ಬೇಡ.

ಜೀವಂತ ಮೊಲವನ್ನು ನೋಡಿ ಕೊಳ್ಳುವುದಾದರೆ ಕಿವಿಯ ಅಂಚು ತೆಳ್ಳಗೆ ಮೆತ್ತಗಿದೆಯೇ, ಉಗುರು ಗಿಡ್ಡವಾಗಿ ನಯವಾಗಿದೆಯೇ ಎಂದು ಗಮನಿಸಿ. ಇವೆರಡೂ ಎಳೆಯದರ ಗುರುತು. ಕಿವಿಯ ಒಳಗೆ, ಮೂಗಿನ ಸುತ್ತ, ಪಾದದ ಮೇಲೆ ಹೊಪ್ಪಳಿಕೆ ಕಂಡರೆ ಅದು ಕಜ್ಜಿ, ಅಂಥದನ್ನು ಬಿಟ್ಟುಬಿಡಿ. ಕಜ್ಜಿಗೆ ಚುಚ್ಚುಮದ್ದು ಕೊಡಿಸಿದ್ದರೆ ಪಶುವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಆ ಮೊಲವನ್ನು ಮಾಂಸಕ್ಕೆ ಬಳಸಬಾರದು. ಇದನ್ನು ಸಾಕಣೆದಾರರಲ್ಲಿ ನೇರವಾಗಿ ಕೇಳಲು ಸಂಕೋಚ ಪಡಬೇಡಿ, ಸರಿಯಾಗಿ ಸಾಕುವವರು ಬೇಸರಿಸಿಕೊಳ್ಳುವುದಿಲ್ಲ. ಸುಲಿದಿಟ್ಟ ಮಾಂಸವಾದರೆ ಬಣ್ಣ ತಿಳಿಯಾಗಿರಬೇಕು, ಮೂತ್ರಪಿಂಡದ ಸುತ್ತಲಿನ ಕೊಬ್ಬು ಬಿಳುಪಾಗಿರಬೇಕು, ವಾಸನೆ ಇರಬಾರದು.

ಇಲ್ಲಿ ಹೆಚ್ಚಿನವರು ಎಡವುವ ಒಂದು ಜಾಗವಿದೆ. ನಮ್ಮ ಕಡೆ ಮೊಲವೆಂದರೆ ಸಾರು ಎಂದೇ ಲೆಕ್ಕವಾದ್ದರಿಂದ, ನೀವು ಬಾಯಿ ಬಿಡುವುದರೊಳಗೆ ಮಚ್ಚಿನಲ್ಲಿ ಸಣ್ಣ ತುಂಡು ಹೊಡೆದುಬಿಡುತ್ತಾರೆ. ಮೊಲದ ಮೂಳೆ ತೆಳು, ಮಚ್ಚು ಬಿದ್ದರೆ ಸೂಜಿಯಂತೆ ಸೀಳಿ ಮಾಂಸದೊಳಗೆ ಸೇರಿಕೊಳ್ಳುತ್ತದೆ. ಆದ್ದರಿಂದ ಹಣ ಕೊಡುವ ಮೊದಲೇ ಹೇಳಿ: ಇಡಿಯಾಗಿ ಬೇಕು, ಕೊಚ್ಚಬಾರದು, ಲಿವರ್ ಮತ್ತು ಮೂತ್ರಪಿಂಡಗಳನ್ನು ಬೇರೆ ಕೊಡಬೇಕು, ಲಿವರ್‌ಗೆ ಅಂಟಿದ ಪಿತ್ತಕೋಶವನ್ನು ಒಡೆಯದಂತೆ ತೆಗೆದಿರಬೇಕು. ಹಸಿರು ಪಿತ್ತರಸ ಒಂದು ಹನಿ ತಗುಲಿದರೂ ಲಿವರ್ ಕಹಿಯಾಗುತ್ತದೆ.

ಕೊಯ್ದ ದಿನವೇ ರೋಸ್ಟ್ ಮಾಡುವ ಆತುರ ಬೇಡ. ಕೊಯ್ದ ಕೆಲವೇ ಗಂಟೆಗಳಲ್ಲಿ ಸ್ನಾಯುಗಳು ಸೆಟೆದುಕೊಳ್ಳುತ್ತವೆ, ಆ ಹೊತ್ತಿನಲ್ಲಿ ಬೇಯಿಸಿದ ಮಾಂಸ ಎಷ್ಟು ಬೆಂದರೂ ಗಟ್ಟಿಯೇ. ಮುಚ್ಚಳವಿರುವ ಡಬ್ಬಿಯಲ್ಲಿ ಫ್ರಿಡ್ಜ್‌ನ ತೀರ ಕೆಳಗಿನ ಹಲಗೆಯ ಮೇಲೆ, 4 ಡಿಗ್ರಿಗಿಂತ ಕಡಿಮೆ ಬಿಸಿಯಲ್ಲಿ ಒಂದು ರಾತ್ರಿ ಇಟ್ಟರೆ ಸೆಡೆತ ತಾನಾಗಿ ಬಿಡುತ್ತದೆ. ಚಳಿಗಾಲದ ರಾತ್ರಿ ತಂಪಾಗಿದೆಯೆಂದು ಅಡುಗೆಕಟ್ಟೆಯ ಮೇಲೆ ಮಾತ್ರ ಬಿಡಬೇಡಿ.

ಹಂತ 2: ಸೊಪ್ಪುಗಳನ್ನು ಹೊಂದಿಸಿಕೊಳ್ಳುವುದು

ಮೊಲದ ಮಾಂಸಕ್ಕೆ ತನ್ನದೇ ಆದ ಜೋರಾದ ರುಚಿಯಿಲ್ಲ. ಗರಂ ಮಸಾಲೆ ಹಾಕಿದರೆ ಮಸಾಲೆಯ ರುಚಿಯೇ ಉಳಿದು ಮಾಂಸ ಕಳೆದುಹೋಗುತ್ತದೆ, ಹಸಿ ಸೊಪ್ಪಿನ ಘಮ ಮಾತ್ರ ಅದರ ಮೇಲೆ ಹದವಾಗಿ ಕೂರುತ್ತದೆ. ಯುರೋಪಿನ ಅಡುಗೆಗಳಲ್ಲಿ ಇದಕ್ಕೆ ರೋಸ್ಮೆರಿ, ಥೈಮ್, ಸೇಜ್ ಬಳಸುವುದು ರೂಢಿ. ಇವುಗಳ ಒಣಗಿದ ಪುಡಿ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ, ಆದರೆ ಅದು ಬಿಸಿ ಓವನ್‌ನಲ್ಲಿ ಬೇಗ ಸೀದು ಕಹಿಯಾಗುತ್ತದೆ. ರೋಸ್ಮೆರಿಯ ಸಸಿ ನರ್ಸರಿಗಳಲ್ಲಿ ಕುಂಡದಲ್ಲಿಯೇ ಸಿಗುತ್ತದೆ. ಬಿಸಿಲು ಚೆನ್ನಾಗಿ ಬೀಳುವ ಕಡೆ ಇಟ್ಟು, ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕುತ್ತ ಬಂದರೆ ನಮ್ಮ ಬಯಲುಸೀಮೆಯ ಹವೆಗೆ ಅದು ಸೊಗಸಾಗಿ ಹೊಂದಿಕೊಳ್ಳುತ್ತದೆ. ದಿನಾ ನೀರು ಸುರಿದರೆ ಬೇರು ಕೊಳೆತು ಸಾಯುತ್ತದೆ.

ಇವು ಸಿಗದಿದ್ದರೆ ಚಿಂತೆಯಿಲ್ಲ, ದೊಡ್ಡಪತ್ರೆ ನಿಮ್ಮ ಹಿತ್ತಲಿನಲ್ಲಿಯೇ ಇರಬಹುದು. ಇದು ಬರಿಯ ಸಮಾಧಾನದ ಮಾತಲ್ಲ. ಥೈಮ್‌ಗೆ ಆ ಘಮ ಕೊಡುವ ಥೈಮಾಲ್ ಮತ್ತು ಒರೆಗಾನೊಗೆ ಘಾಟು ಕೊಡುವ ಕಾರ್ವಕ್ರಾಲ್ ಎಂಬ ಎಣ್ಣೆಯಂಶಗಳು ದೊಡ್ಡಪತ್ರೆಯಲ್ಲಿಯೂ ಇವೆ. ಓಮದ ಕಾಳಿನ ವಾಸನೆಯೂ ಥೈಮಾಲ್‌ನದೇ. ಒಂದೇ ತೊಂದರೆಯೆಂದರೆ ದೊಡ್ಡಪತ್ರೆಯ ಎಲೆ ದಪ್ಪ, ತುಂಬ ನೀರು. ಇಡೀ ಎಲೆಗಳನ್ನು ತಟ್ಟೆಗೆ ಹಾಕಿದರೆ ನೀರು ಬಿಟ್ಟುಕೊಂಡು ಮಾಂಸ ಸುಡುವ ಬದಲು ಬೇಯುತ್ತದೆ. ಎಲೆಯನ್ನು ಸಣ್ಣಗೆ ಹೆಚ್ಚಿ, ಚಿಟಿಕೆ ಉಪ್ಪು ಸೇರಿಸಿ ಹತ್ತು ನಿಮಿಷ ಬಿಟ್ಟು, ಅಂಗೈಯಲ್ಲಿ ಹಿಂಡಿ ನೀರು ತೆಗೆದ ಮೇಲೆ ಬೆಣ್ಣೆಗೆ ಕಲಸಿರಿ. ಘಾಟು ಜೋರಾದ್ದರಿಂದ ಒಂದು ಮೊಲಕ್ಕೆ 6ರಿಂದ 8 ಎಲೆ ಮೀರಬಾರದು.

ಸೊಪ್ಪುಗಳನ್ನು ಎರಡು ಗುಂಪು ಮಾಡಿಟ್ಟುಕೊಳ್ಳಿ. ಬಿಸಿಯನ್ನು ತಡೆಯುವವು ಮೊದಲಿನಿಂದ ಜೊತೆಗಿರಬೇಕು: ರೋಸ್ಮೆರಿ, ಥೈಮ್, ಸೇಜ್, ದೊಡ್ಡಪತ್ರೆ, ಕರಿಬೇವು, ಕೊತ್ತಂಬರಿಯ ಬೇರು ಮತ್ತು ದಂಟು. ಬಿಸಿ ತಗುಲಿದೊಡನೆ ಘಮ ಕಳೆದುಕೊಳ್ಳುವವು ಕೊನೆಯಲ್ಲಿ ಬರಬೇಕು: ಕೊತ್ತಂಬರಿ ಎಲೆ, ಪುದೀನ, ಸಬ್ಬಸಿಗೆ, ಕಾಮಕಸ್ತೂರಿ. ತುಳಸಿಯನ್ನು ಹಾಕಬಹುದೇ ಎಂದು ಕೆಲವರು ಕೇಳಿದ್ದಾರೆ. ತುಳಸಿಕಟ್ಟೆಯ ಎಲೆಯನ್ನು ಬಾಡಿನ ಪಾತ್ರೆಗೆ ಹಾಕುವುದು ನಮ್ಮ ಮನೆಗಳಲ್ಲಿ ಸಲ್ಲದು, ಅದರ ದಾಯಾದಿಯಾದ ಕಾಮಕಸ್ತೂರಿ ಇರುವಾಗ ಆ ಪ್ರಮೇಯವೂ ಬರುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಹಾಕಬೇಡಿ. ಮೊದಲ ಗುಂಪಿನಿಂದ ಎರಡು, ಎರಡನೆಯದರಿಂದ ಒಂದು ಸಾಕು. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ದೊಡ್ಡಪತ್ರೆ, ಕರಿಬೇವು ಮತ್ತು ಕೊನೆಗೆ ಸಬ್ಬಸಿಗೆ.

ಸೊಪ್ಪಿನ ಹೊರತಾಗಿ ಬೇಕಾದ ಸಾಮಗ್ರಿ ಇಷ್ಟು: ಉಪ್ಪಿಲ್ಲದ ಬೆಣ್ಣೆ 60 ಗ್ರಾಂ, ಕಡಲೆಕಾಯಿ ಎಣ್ಣೆ 3 ದೊಡ್ಡ ಚಮಚ, ಬೆಳ್ಳುಳ್ಳಿ 10 ಎಸಳು, ಸಾಂಬಾರ್ ಈರುಳ್ಳಿ ಕಾಲು ಕಿಲೋ, ಕುಟ್ಟಿದ ಕಾಳುಮೆಣಸು 1 ಟೀ ಚಮಚ, ಒಂದು ನಿಂಬೆಹಣ್ಣು, ಸಣ್ಣ ಆಲೂಗಡ್ಡೆ ನಾಲ್ಕೈದು. ಅಂಗಡಿಯ ಪೊಟ್ಟಣದ ಬೆಣ್ಣೆಯಲ್ಲಿ ಸಾಮಾನ್ಯವಾಗಿ ಉಪ್ಪಿರುತ್ತದೆ, ಮಾಂಸವನ್ನು ಉಪ್ಪುನೀರಿನಲ್ಲಿ ನೆನೆಸುವುದರಿಂದ ಅದು ಬೇಡ. ಮನೆಯಲ್ಲಿ ಕಡೆದ ಬೆಣ್ಣೆ ಎಲ್ಲಕ್ಕಿಂತ ಉತ್ತಮ.

ಹಂತ 3: ತುಂಡು ಬಿಡಿಸುವುದು

ಮಚ್ಚು ಬೇಡ, ಹರಿತವಾದ ಸಣ್ಣ ಚಾಕು ಸಾಕು; ಮೂಳೆಯನ್ನು ಕಡಿಯುವುದಲ್ಲ, ಕೀಲನ್ನು ಹುಡುಕಿ ಬಿಡಿಸುವುದು. ಮೊಲವನ್ನು ಅಂಗಾತ ಮಲಗಿಸಿ ಹಿಂಗಾಲೊಂದನ್ನು ಹೊರಗೆ ಬಾಗಿಸಿದರೆ ಸೊಂಟದ ಗುಂಡು ಕೀಲು ಲಟಕ್ ಎಂದು ಮೇಲೆ ಬರುತ್ತದೆ, ಅದರ ಸುತ್ತ ಚಾಕು ಆಡಿಸಿದರೆ ಕಾಲು ಬೇರೆಯಾಗುತ್ತದೆ. ಮುಂಗಾಲಿಗೆ ಮೈಯೊಂದಿಗೆ ಮೂಳೆಯ ಕೀಲೇ ಇಲ್ಲ, ಬರಿಯ ಮಾಂಸದಿಂದ ಅಂಟಿಕೊಂಡಿರುತ್ತದೆ. ಹೆಗಲ ಹಲಗೆಮೂಳೆಯ ಕೆಳಗೆ ಚಾಕು ಜಾರಿಸಿದರೆ ಸಲೀಸಾಗಿ ಬರುತ್ತದೆ. ಈಗ ಉಳಿದ ಮುಂಡದಲ್ಲಿ ಕೊನೆಯ ಪಕ್ಕೆಲುಬಿನಿಂದ ಸೊಂಟದವರೆಗಿನ ಭಾಗವೇ ಬೆನ್ನಿನ ತುಂಡು. ಅದನ್ನು ಎರಡೂ ಕಡೆ ಬೆನ್ನುಮೂಳೆಯ ಸಂದಿನಲ್ಲಿ ಕೊಯ್ದು, ಕೈಯಿಂದ ಹಿಂದಕ್ಕೆ ಮಡಿಸಿ ಮುರಿಯಿರಿ. ಅದರ ಎರಡು ಪಕ್ಕಗಳಲ್ಲಿ ಜೋತಾಡುವ ತೆಳುವಾದ ಹೊಟ್ಟೆಯ ಪದರಗಳನ್ನು ಕತ್ತರಿಸಿ ಎಸೆಯಬೇಡಿ, ಮುಂದೆ ಅವೇ ಬೆನ್ನಿಗೆ ಹೊದಿಕೆ. ಎದೆಗೂಡು, ಸೊಂಟದ ಮೂಳೆ, ಕತ್ತು ಇವು ರೋಸ್ಟ್‌ಗೆ ಬರುವುದಿಲ್ಲ, ಬೇರೆ ಎತ್ತಿಡಿ.

ಬೆನ್ನಿನ ಮೇಲ್ಭಾಗದಲ್ಲಿ ಬೆಳ್ಳಗೆ ಹೊಳೆಯುವ ಬಿಗಿಯಾದ ಪೊರೆಯೊಂದು ಇರುತ್ತದೆ. ಬಿಸಿಗೆ ಅದು ಕುಗ್ಗಿ ಮಾಂಸವನ್ನು ಹಿಂಡುತ್ತದೆ, ಒಳಗಿನ ರಸವೆಲ್ಲ ಹೊರಗೆ ಬರುತ್ತದೆ. ಚಾಕುವಿನ ತುದಿಯನ್ನು ಪೊರೆಯ ಕೆಳಗೆ ತೂರಿಸಿ, ಅಲಗನ್ನು ಪೊರೆಯ ಕಡೆಗೇ ವಾಲಿಸಿ, ಪಟ್ಟಿ ಪಟ್ಟಿಯಾಗಿ ಎತ್ತಿ ತೆಗೆಯಿರಿ. ಐದು ನಿಮಿಷದ ಕೆಲಸ. ಇದನ್ನು ಬಿಟ್ಟವರ ರೋಸ್ಟ್ ಸುರುಟಿಕೊಂಡಿರುವುದನ್ನು ನೋಡಿದರೆ ಗೊತ್ತಾಗುತ್ತದೆ.

ಹಂತ 4: ಉಪ್ಪುನೀರಿನಲ್ಲಿ ನೆನೆಸುವುದು

ಒಂದೂವರೆ ಲೀಟರ್ ತಣ್ಣೀರಿಗೆ 75 ಗ್ರಾಂ ಕಲ್ಲುಪ್ಪು ಹಾಕಿ ಪೂರ್ತಿ ಕರಗಿಸಿ, ಕಾಲುಗಳನ್ನೂ ಬೆನ್ನಿನ ತುಂಡನ್ನೂ ಮುಳುಗುವಂತೆ ಹಾಕಿ ಫ್ರಿಡ್ಜ್‌ನಲ್ಲಿ 4ರಿಂದ 5 ಗಂಟೆ ಇಡಿ. ಹೀಗೆ ಮಾಡಿದಾಗ ಉಪ್ಪು ಮಾಂಸದೊಳಗೆ ಇಳಿದು, ಅಲ್ಲಿನ ಪ್ರೋಟೀನ್ ಬಿಸಿಯಲ್ಲಿಯೂ ನೀರನ್ನು ಬಿಟ್ಟುಕೊಡದಂತೆ ಮಾಡುತ್ತದೆ. ಕೊಬ್ಬಿಲ್ಲದ ಮಾಂಸಕ್ಕೆ ಇದಕ್ಕಿಂತ ಸುಲಭದ ರಕ್ಷಣೆ ಇಲ್ಲ. ಉಪ್ಪನ್ನು ಚಮಚದಲ್ಲಿ ಅಳೆಯಬೇಡಿ, ತೂಕ ಮಾಡಿ; ಕಲ್ಲುಪ್ಪಿನ ಒಂದು ಚಮಚವೂ ಪುಡಿಯುಪ್ಪಿನ ಒಂದು ಚಮಚವೂ ಒಂದೇ ತೂಕವಲ್ಲ. ರಾತ್ರಿಯಿಡೀ ಬಿಟ್ಟರೆ ಬೆನ್ನು ಉಪ್ಪಾಗುತ್ತದೆ.

ಉಪ್ಪುನೀರಿನ ಬದಲು ಮೊಸರಿನಲ್ಲಿ ನೆನೆಸಬಹುದೇ? ಕಾಲುಗಳನ್ನು ಅಗತ್ಯವಾಗಿ ನೆನೆಸಬಹುದು, ಆದರೆ ಹುರಿಯುವ ಮೊದಲು ಮೊಸರನ್ನು ಪೂರ್ತಿ ಒರೆಸಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಶುಂಠಿ ಬೆಳ್ಳುಳ್ಳಿ ಪೇಸ್ಟ್ ಹಚ್ಚಿ ರಾತ್ರಿಯಿಡೀ ಇಡುವ ನಮ್ಮ ಅಭ್ಯಾಸವನ್ನು ಮಾತ್ರ ಇಲ್ಲಿ ಬಿಡಿ. ಹಸಿ ಶುಂಠಿಯಲ್ಲಿ, ಪಪ್ಪಾಯಿ ಕಾಯಿಯಲ್ಲಿ ಮಾಂಸವನ್ನು ಕರಗಿಸುವ ಕಿಣ್ವಗಳಿವೆ. ಕುರಿಯ ತೊಡೆಗೆ ಅವು ನೆರವಾದರೂ, ಇಷ್ಟು ಎಳೆಯ ಮಾಂಸದ ಹೊರಪದರವನ್ನು ಹಿಟ್ಟುಹಿಟ್ಟು ಮಾಡುತ್ತವೆ. ನಿಂಬೆರಸವೂ ಕೊನೆಗೇ ಬರಲಿ.

ನೆನೆದ ಮೇಲೆ ತೆಗೆದು, ಶುಭ್ರವಾದ ಹತ್ತಿ ಬಟ್ಟೆಯಿಂದ ಪ್ರತಿ ತುಂಡನ್ನೂ ಒತ್ತಿ ಒರೆಸಿ, ಒಲೆಗೆ ಹಾಕುವ ಮೊದಲು ಅರ್ಧ ಗಂಟೆ ಹೊರಗಿಡಿ. ಮೇಲ್ಮೈ ಒದ್ದೆಯಿದ್ದರೆ ಕಂದು ಬಣ್ಣ ಬರುವುದಿಲ್ಲ. ಒರೆಸಿದ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ ತೊಳೆಯಬೇಕು, ಅದೇ ಬಟ್ಟೆಯಲ್ಲಿ ಕಟ್ಟೆ ಒರೆಸಬಾರದು.

ಹಂತ 5: ಸೊಪ್ಪಿನ ಬೆಣ್ಣೆ ಮತ್ತು ಬೆನ್ನಿನ ಸುರುಳಿ

ಮೆತ್ತಗಾದ ಬೆಣ್ಣೆಗೆ ಹೆಚ್ಚಿದ ಗಟ್ಟಿ ಸೊಪ್ಪು, ಜಜ್ಜಿದ ಬೆಳ್ಳುಳ್ಳಿ ಮೂರು ಎಸಳು, ಅರ್ಧ ಚಮಚ ಕಾಳುಮೆಣಸು, ನಿಂಬೆಯ ಹಳದಿ ಸಿಪ್ಪೆಯ ತುರಿ ಸ್ವಲ್ಪ ಸೇರಿಸಿ ಕಲಸಿ. ತುರಿಯುವಾಗ ಸಿಪ್ಪೆಯ ಒಳಗಿನ ಬಿಳಿ ಭಾಗ ಬಂದರೆ ಕಹಿ. ಈ ಬೆಣ್ಣೆಯ ಮುಕ್ಕಾಲು ಪಾಲನ್ನು ಬೆನ್ನಿನ ತುಂಡಿನ ಒಳಮೈಗೂ ಹೊರಮೈಗೂ ಸವರಿ, ಹೊಟ್ಟೆಯ ಪದರಗಳನ್ನು ಎರಡೂ ಕಡೆಯಿಂದ ಎಳೆದು ಒಂದರ ಮೇಲೊಂದು ಮಡಿಸಿ, ಹತ್ತಿ ದಾರದಿಂದ ಮೂರು ಕಡೆ ಕಟ್ಟಿ. ಹೀಗೆ ಬೆಣ್ಣೆಯೂ ಸೊಪ್ಪೂ ಬಿಸಿಗೆ ನೇರವಾಗಿ ಸಿಗದೆ ಒಳಗೇ ಉಳಿಯುತ್ತವೆ, ಸೀಯುವ ಭಯವಿಲ್ಲ. ಹೂ ಕಟ್ಟುವ ದಾರ ಬಣ್ಣವಿಲ್ಲದ ಶುದ್ಧ ಹತ್ತಿಯದಾದರೆ ಆಗುತ್ತದೆ, ನೈಲಾನ್ ಮಿಶ್ರವಾದದ್ದು ಓವನ್‌ನಲ್ಲಿ ಕರಗುತ್ತದೆ.

ಹಂತ 6: ಓವನ್ ಸಿದ್ಧಪಡಿಸುವುದು

ಓ.ಟಿ.ಜಿ.ಯಲ್ಲಿ ಮೇಲಿನ ಮತ್ತು ಕೆಳಗಿನ ಎರಡೂ ಕಡ್ಡಿಗಳು ಕಾಯುವಂತೆ ಗುಂಡಿ ತಿರುಗಿಸಿ 160 ಡಿಗ್ರಿಗೆ ಇಟ್ಟು 15 ನಿಮಿಷ ಖಾಲಿ ಕಾಯಿಸಿ. ಫ್ಯಾನ್ ಇರುವ ಮಾದರಿ ಅಥವಾ ಕನ್ವೆಕ್ಷನ್ ಮೈಕ್ರೋವೇವ್ ಆದರೆ ಇಲ್ಲಿ ಓವನ್ ಬಿಸಿಗೆ ಹೇಳುವ ಎಲ್ಲ ಅಂಕಿಗಳಿಂದಲೂ 15ರಿಂದ 20 ಡಿಗ್ರಿ ಕಳೆಯಿರಿ. ಸಣ್ಣ ಓವನ್‌ಗಳ ಗುಂಡಿಯ ಮೇಲಿನ ಅಂಕಿಗೂ ಒಳಗಿನ ನಿಜವಾದ ಬಿಸಿಗೂ ತಾಳೆಯಾಗುವುದು ಕಡಿಮೆ, ಒಳಗೆ ನೇತುಹಾಕುವ ಓವನ್ ಥರ್ಮಾಮೀಟರ್ ಇದ್ದರೆ ಒಮ್ಮೆ ನೋಡಿಕೊಳ್ಳಿ.

ವಿದ್ಯುತ್ತಿನ ಬಗ್ಗೆ ಎರಡು ಮಾತು ಹೇಳಲೇಬೇಕು. 230 ವೋಲ್ಟ್‌ನಲ್ಲಿ 6 ಆಂಪಿಯರ್‌ನ ಸಣ್ಣ ಸಾಕೆಟ್ ತಡೆಯುವುದು 1380 ವಾಟ್ ಮಾತ್ರ, ದೊಡ್ಡ ಓ.ಟಿ.ಜಿ.ಗಳು ಅದಕ್ಕಿಂತ ಹೆಚ್ಚು ಎಳೆಯುತ್ತವೆ. ಆದ್ದರಿಂದ ಗೀಸರ್‌ಗೆ ಬಳಸುವಂಥ 16 ಆಂಪಿಯರ್ ಸಾಕೆಟ್‌ಗೆ ನೇರವಾಗಿ ಜೋಡಿಸಿ, ಎಕ್ಸ್‌ಟೆನ್ಷನ್ ಬೋರ್ಡ್ ಬಳಸಬೇಡಿ. ಎರಡನೆಯದಾಗಿ, ಹಳ್ಳಿಯ ಕಡೆ ಮೂರು ಫೇಸ್ ಯಾವ ಹೊತ್ತಿಗೆ ಬರುತ್ತದೆ, ಸಂಜೆ ವೋಲ್ಟೇಜ್ ಎಷ್ಟು ಇಳಿಯುತ್ತದೆ ಎಂಬುದು ನಿಮಗೇ ಗೊತ್ತು. ಅಡುಗೆಯ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳಿ. ನಡುವೆ ಕರೆಂಟ್ ಹೋದರೆ ಬಾಗಿಲು ತೆಗೆಯದೆ ಹತ್ತು ನಿಮಿಷ ಕಾಯಬಹುದು. ಅಷ್ಟರಲ್ಲಿ ಬಾರದಿದ್ದರೆ ದಪ್ಪ ತಳದ ಪಾತ್ರೆಗೆ ವರ್ಗಾಯಿಸಿ ಗ್ಯಾಸ್ ಒಲೆಯ ಸಣ್ಣ ಉರಿಯಲ್ಲಿ ಮುಂದುವರಿಸಿ. ಅರ್ಧ ಬೆಂದ ಮಾಂಸವನ್ನು ಹಾಗೆಯೇ ಬಿಟ್ಟು, ಎರಡು ಗಂಟೆಯ ನಂತರ ಮತ್ತೆ ಬೇಯಿಸುವುದು ಅಪಾಯ.

ಹಂತ 7: ಕಾಲುಗಳು ಮೊದಲು

ಬಾಣಲೆಯಲ್ಲಿ ಎರಡು ಚಮಚ ಕಡಲೆಕಾಯಿ ಎಣ್ಣೆ ಕಾಯಿಸಿ, ಕರಿಬೇವು ಹಾಕಿ ಚಟಪಟ ನಿಂತ ಮೇಲೆ ಎಲೆಗಳನ್ನು ತೆಗೆದಿಟ್ಟು, ಹಿಂಗಾಲು ಮುಂಗಾಲುಗಳನ್ನು ಪ್ರತಿ ಮಗ್ಗುಲು ಮೂರು ನಾಲ್ಕು ನಿಮಿಷ ಹುರಿಯಿರಿ. ಪದೇ ಪದೇ ತಿರುಗಿಸಬೇಡಿ. ಬಣ್ಣ ಬಂದಾಗ ತುಂಡು ತಾನೇ ಬಾಣಲೆಯಿಂದ ಬಿಡುತ್ತದೆ. ಓವನ್‌ನ ತಟ್ಟೆಗೆ ಸುಲಿದ ಸಾಂಬಾರ್ ಈರುಳ್ಳಿ, ಉಳಿದ ಬೆಳ್ಳುಳ್ಳಿ, ಅರ್ಧ ಸೀಳಿದ ಆಲೂಗಡ್ಡೆ, ಹುರಿದ ಕರಿಬೇವು, ಇದ್ದರೆ ಒಂದೆರಡು ರೋಸ್ಮೆರಿ ಕಡ್ಡಿ ಹರಡಿ, ಮೇಲೆ ಕಾಲುಗಳನ್ನಿಡಿ. ಹುರಿದ ಬಾಣಲೆಗೆ ಮುಕ್ಕಾಲು ಲೋಟ ನೀರು ಹಾಕಿ ತಳಕ್ಕೆ ಅಂಟಿದ್ದನ್ನು ಕೆರೆದು ಅದನ್ನೂ ತಟ್ಟೆಗೆ ಸುರಿಯಿರಿ.

ನೀರಿನ ಬದಲು ದ್ರಾಕ್ಷಿ ರಸ ಹಾಕಿದರೆ ಇನ್ನೂ ಸೊಗಸು. ಚಿಕ್ಕಬಳ್ಳಾಪುರದ ಸುತ್ತ ಬೆಳೆಯುವ ಬೀಜವಿರುವ ಕಪ್ಪು ಬೆಂಗಳೂರು ಬ್ಲೂ ದ್ರಾಕ್ಷಿಯ ಹುಳಿ ಸಿಹಿ ಈ ಮಾಂಸಕ್ಕೆ ಚೆನ್ನಾಗಿ ಒಪ್ಪುತ್ತದೆ. ಎರಡು ಹಿಡಿ ಹಣ್ಣನ್ನು ಕಿವುಚಿ ಸೋಸಿ ಅರ್ಧ ಲೋಟ ರಸ ತೆಗೆದು, ಕಾಲು ಲೋಟ ನೀರಿನೊಂದಿಗೆ ಬಳಸಿ. ಸಕ್ಕರೆಯ ಅಂಶ ಇರುವುದರಿಂದ ತಟ್ಟೆಯ ಅಂಚು ಬೇಗ ಕಪ್ಪಾಗುತ್ತದೆ; ಮುಚ್ಚಿದ್ದಾಗ ಪರವಾಗಿಲ್ಲ, ತೆರೆದ ಮೇಲೆ ಕಣ್ಣಿಡಬೇಕು.

ತಟ್ಟೆಯ ಬಾಯಿಯನ್ನು ಅಲ್ಯೂಮಿನಿಯಂ ಹಾಳೆಯಿಂದ ಬಿಗಿಯಾಗಿ ಮುಚ್ಚಿ, ನಡುವಿನ ಜಾಲರಿಯ ಮೇಲೆ 160 ಡಿಗ್ರಿಯಲ್ಲಿ 50 ನಿಮಿಷ ಬೇಯಲು ಬಿಡಿ. ಹಾಳೆ ಮಾಂಸಕ್ಕೆ ತಗುಲಬಾರದು. ಐವತ್ತು ನಿಮಿಷದ ಕೊನೆಗೆ ಹಿಂಗಾಲಿನ ದಪ್ಪ ಭಾಗಕ್ಕೆ ಕಡ್ಡಿ ಚುಚ್ಚಿದರೆ ಸುಲಭವಾಗಿ ಇಳಿಯಬೇಕು. ಇಳಿಯದಿದ್ದರೆ ಇನ್ನೂ 15 ನಿಮಿಷ. ಈ ಹಂತದಲ್ಲಿ ಸಮಯ ಹೆಚ್ಚಾದರೂ ನಷ್ಟವಿಲ್ಲ, ಕಾಲಿನ ಒಳಗಿನ ನಾರು ಮೆತ್ತಗಾಗಲು ಹೊತ್ತು ಬೇಕೇ ಬೇಕು.

ಹಂತ 8: ಬೆನ್ನು ಆಮೇಲೆ

ಈಗ ಹಾಳೆ ತೆಗೆದು ಓವನ್ ಅನ್ನು 190 ಡಿಗ್ರಿಗೆ ಏರಿಸಿ. ಅದು ಕಾಯುವಷ್ಟರಲ್ಲಿ ಕಟ್ಟಿಟ್ಟ ಬೆನ್ನಿನ ಸುರುಳಿಯನ್ನು ಒಂದು ಚಮಚ ಎಣ್ಣೆಯಲ್ಲಿ ಎಲ್ಲ ಮಗ್ಗುಲೂ ಒಂದೊಂದು ನಿಮಿಷ ಹುರಿದು, ಮಡಿಕೆ ಕೆಳಗೆ ಬರುವಂತೆ ಕಾಲುಗಳ ನಡುವೆ ಇಡಿ. 20ರಿಂದ 25 ನಿಮಿಷ ಸಾಕು. ಏಳೆಂಟು ನಿಮಿಷಕ್ಕೊಮ್ಮೆ ತಟ್ಟೆಯ ರಸವನ್ನು ಚಮಚದಲ್ಲಿ ತೆಗೆದು ಮೇಲೆ ಸುರಿಯುತ್ತಿರಬೇಕು, ಬಾಗಿಲನ್ನು ಆದಷ್ಟು ಬೇಗ ಮುಚ್ಚಬೇಕು. ತಟ್ಟೆ ಒಣಗುತ್ತಿದ್ದರೆ ಅಂಚಿನಿಂದ ಸ್ವಲ್ಪ ಬಿಸಿನೀರು ಹಾಕಿ. ಮಾಂಸದ ಮೇಲೆ ಹಾಕಿದರೆ ಬಂದ ಬಣ್ಣ ತೊಳೆದುಹೋಗುತ್ತದೆ.

ಬೆಂದಿದೆಯೇ ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಒಂದನ್ನು ಕೊಂಡುಕೊಳ್ಳುವುದೇ ಒಳ್ಳೆಯದು, ಮುಂದೆ ಕೋಳಿಗೂ ಕೇಕಿಗೂ ಬರುತ್ತದೆ. ಮೊಲದ ಮಾಂಸ ತಿನ್ನಲು ಸುರಕ್ಷಿತವಾಗುವುದು ಒಳಗಿನ ಬಿಸಿ 71 ಡಿಗ್ರಿ ಮುಟ್ಟಿದಾಗ. ಮೂಳೆಗೆ ತಾಗದಂತೆ ಬೆನ್ನಿನ ಅತಿ ದಪ್ಪ ಭಾಗಕ್ಕೆ ಚುಚ್ಚಿ, 69 ತೋರಿಸಿದಾಗ ಹೊರಗೆ ತೆಗೆದು ಹಾಳೆಯಿಂದ ಸಡಿಲವಾಗಿ ಮುಚ್ಚಿದರೆ ಒಳಗಿನ ಶಾಖದಿಂದಲೇ ಇನ್ನೆರಡು ಡಿಗ್ರಿ ಏರುತ್ತದೆ. ಏರಿ 71 ಮುಟ್ಟಿತೇ ಎಂದು ಮತ್ತೆ ನೋಡಿ, ಮುಟ್ಟದಿದ್ದರೆ ಮೂರು ನಿಮಿಷ ವಾಪಸ್ ಇಡಿ. 80 ದಾಟಿದ ಬೆನ್ನನ್ನು ಯಾವ ಗ್ರೇವಿಯೂ ಉಳಿಸಲಾರದು. ಕಾಲುಗಳಿಗೆ ಈ ಹೆದರಿಕೆಯಿಲ್ಲ, ಅವು 85 ಆಸುಪಾಸಿನಲ್ಲಿಯೇ ಚೆನ್ನಾಗಿ ಬಿಡಿಬಿಡಿಯಾಗುತ್ತವೆ. ಥರ್ಮಾಮೀಟರ್ ಇಲ್ಲದವರು ಬೆನ್ನುಮೂಳೆಯ ಪಕ್ಕ ಸಣ್ಣಗೆ ಸೀಳಿ ನೋಡಬೇಕು. ರಸ ಕೆಂಪಿಲ್ಲದೆ ತಿಳಿಯಾಗಿ ಬಂದು, ಮಾಂಸ ಬಿಳುಪಾಗಿಯೂ ತೇವವಾಗಿಯೂ ಇದ್ದರೆ ಆಯಿತು. ಅನುಮಾನವಿದ್ದರೆ ಇನ್ನೆರಡು ನಿಮಿಷ ಹೆಚ್ಚೇ ಬೇಯಿಸಿ, ಹಸಿ ಉಳಿಸಬೇಡಿ.

ಹಂತ 9: ತಣಿಸುವುದು, ಗ್ರೇವಿ ಮಾಡುವುದು

ಮಾಂಸ ಹತ್ತು ನಿಮಿಷ ಮುಚ್ಚಿಕೊಂಡು ತಣಿಯುವ ಹೊತ್ತಿನಲ್ಲಿ ಗ್ರೇವಿ ಆಗುತ್ತದೆ. ಉಳಿದ ಸೊಪ್ಪಿನ ಬೆಣ್ಣೆಯನ್ನು ಬಾಣಲೆಗೆ ಹಾಕಿ, ಲಿವರ್ ಮತ್ತು ಮೂತ್ರಪಿಂಡಗಳನ್ನು ಸಣ್ಣಗೆ ಹೆಚ್ಚಿ, ಒಳಗೆ ಕೆಂಪು ಉಳಿಯದಂತೆ ಹುರಿಯಿರಿ. ಲಿವರ್ ಅನ್ನು ಸೌಟಿನ ಹಿಂಬದಿಯಿಂದ ಹಿಸುಕಿ, ತಟ್ಟೆಯ ರಸವನ್ನು ಸೋಸಿ ಸೇರಿಸಿದರೆ ಮೈದಾ, ಜೋಳದ ಹಿಟ್ಟು ಯಾವುದೂ ಇಲ್ಲದೆ ಗಟ್ಟಿಯಾಗುತ್ತದೆ. ಒಂದು ಕುದಿ ಬಂದ ಮೇಲೆ ಒಲೆ ಆರಿಸಿ ಉಳಿದ ಕಾಳುಮೆಣಸು, ಅರ್ಧ ನಿಂಬೆಯ ರಸ, ಕೊನೆಗೆ ಹೆಚ್ಚಿದ ಸಬ್ಬಸಿಗೆ ಅಥವಾ ಕಾಮಕಸ್ತೂರಿ. ಉಪ್ಪನ್ನು ರುಚಿ ನೋಡಿಯೇ ಹಾಕಿ, ಬಹುಪಾಲು ಬೇಕಾಗುವುದಿಲ್ಲ.

ಬೆನ್ನಿನ ದಾರ ಬಿಚ್ಚಿ, ಮೂಳೆಯ ಉದ್ದಕ್ಕೂ ಚಾಕು ಇಳಿಸಿ ಎರಡೂ ಕಡೆಯ ಮಾಂಸವನ್ನು ಪಟ್ಟಿಯಾಗಿ ತೆಗೆದು, ಬೆರಳಿನಷ್ಟು ದಪ್ಪಕ್ಕೆ ಅಡ್ಡಡ್ಡ ಕೊಯ್ದು ಬಡಿಸಿ. ಕಾಲುಗಳನ್ನು ಇಡಿಯಾಗಿ ಬಡಿಸಬಹುದು, ಆದರೆ ಸಣ್ಣ ಮಕ್ಕಳಿಗೆ ಮೂಳೆ ಬಿಡಿಸಿಯೇ ಕೊಡಿ. ಬೆಂದ ಮೂಳೆಯನ್ನು ನಾಯಿ ಬೆಕ್ಕಿಗೆ ಹಾಕಬೇಡಿ, ಒಡೆದ ಚೂರು ಅವುಗಳ ಗಂಟಲಿಗೆ ಚುಚ್ಚುತ್ತದೆ. ಜೊತೆಗೆ ತಟ್ಟೆಯ ಆಲೂಗಡ್ಡೆ, ಈರುಳ್ಳಿ ಇದ್ದೇ ಇವೆ. ಚಪಾತಿ ಅಥವಾ ಬ್ರೆಡ್ ಸಾಕು. ಮುದ್ದೆಗೆ ಈ ಗ್ರೇವಿ ಹೊಂದುವುದಿಲ್ಲ, ಹಾಗೆ ಬಲವಂತ ಮಾಡುವುದೂ ಬೇಡ. ಮುದ್ದೆಯ ಪಾಲು ಕೊನೆಯ ಹಂತದಲ್ಲಿದೆ.

ಓವನ್ ಇಲ್ಲದವರಿಗೆ

ಕೆ.ಜಿ.ಎಫ್‌ನ ಗಣಿ ಕಾಲೊನಿಗಳ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ರೋಸ್ಟ್ ಎಂದರೆ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಮಾಡುವ ಪಾಟ್ ರೋಸ್ಟ್ ಎಂಬ ರೂಢಿಯೂ ಇತ್ತು, ಅದನ್ನೇ ನೀವೂ ಅನುಸರಿಸಬಹುದು. ಕಾಲುಗಳನ್ನು ಹುರಿದು, ಈರುಳ್ಳಿ ಸೊಪ್ಪುಗಳೊಂದಿಗೆ ಒಂದು ಲೋಟ ನೀರು ಹಾಕಿ, ಬಿಗಿಯಾದ ಮುಚ್ಚಳವಿಟ್ಟು ಅತಿ ಸಣ್ಣ ಉರಿಯಲ್ಲಿ ಒಂದು ಗಂಟೆ ಬೇಯಿಸಿ. ನಂತರ ಹುರಿದ ಬೆನ್ನಿನ ಸುರುಳಿಯನ್ನು ಸೇರಿಸಿ ಇನ್ನು 20 ನಿಮಿಷ. ಸೌದೆ ಒಲೆಯಿದ್ದರೆ ಆ ಇಪ್ಪತ್ತು ನಿಮಿಷ ಮುಚ್ಚಳದ ಮೇಲೆ ಕೆಂಡ ಹರಡಿ, ಮೇಲಿನಿಂದಲೂ ಬಣ್ಣ ಬರುತ್ತದೆ. ಅಲ್ಯೂಮಿನಿಯಂನ ತೆಳು ಪಾತ್ರೆ ಇದಕ್ಕೆ ಆಗದು. ಕುಕ್ಕರ್‌ನಲ್ಲಿ ಕಾಲುಗಳನ್ನು ಎರಡು ವಿಶಲ್ ಕೂಗಿಸಿ ಆಮೇಲೆ ಹುರಿಯಬಹುದು, ಬೆನ್ನನ್ನು ಮಾತ್ರ ಕುಕ್ಕರ್‌ಗೆ ಹಾಕಬೇಡಿ.

ಹಂತ 10: ಉಳಿದದ್ದು ಮತ್ತು ಮೂಳೆಗಳು

ಉಳಿದ ಮಾಂಸವನ್ನು ಎರಡು ಗಂಟೆಯೊಳಗೆ ಫ್ರಿಡ್ಜ್‌ಗೆ ಸೇರಿಸಿ, ಮೂರು ದಿನದೊಳಗೆ ಮುಗಿಸಿ. ಬೆನ್ನಿನ ಮಾಂಸ ಉಳಿದಿದ್ದರೆ ಮತ್ತೆ ಬಿಸಿ ಮಾಡದೆ ತಣ್ಣಗಿರುವಾಗಲೇ ತೆಳ್ಳಗೆ ಕೊಯ್ದು ಸೌತೆಕಾಯಿ, ಈರುಳ್ಳಿ, ನಿಂಬೆರಸದೊಂದಿಗೆ ತಿನ್ನುವುದು ಉತ್ತಮ. ಕಾಲಿನ ಮಾಂಸವನ್ನು ಗ್ರೇವಿಯೊಳಗೆ ಮುಳುಗಿಸಿ, ಗ್ರೇವಿ ಚೆನ್ನಾಗಿ ಕುದಿಯುವವರೆಗೆ ಬಿಸಿ ಮಾಡಿ.

ಎತ್ತಿಟ್ಟ ಎದೆಗೂಡು, ಕತ್ತು, ಸೊಂಟದ ಮೂಳೆಗಳು ಅಂದೇ ಅಥವಾ ಮರುದಿನ ಒಲೆಗೆ ಬರಬೇಕು. ಒಂದೂವರೆ ಲೀಟರ್ ನೀರು, ಒಂದು ಈರುಳ್ಳಿ, ಕೊತ್ತಂಬರಿ ದಂಟು, ಚಿಟಿಕೆ ಅರಿಶಿನ ಹಾಕಿ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಕಾಯಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಜಾಲರಿಯಲ್ಲಿ ಸೋಸಿದರೆ ಸಣ್ಣ ಮೂಳೆ ಚೂರುಗಳು ಉಳಿದುಬಿಡುತ್ತವೆ. ಎದೆಗೂಡಿಗೆ ಅಂಟಿದ ಮಾಂಸವನ್ನು ಬೆರಳಿನಿಂದ ಬಿಡಿಸಿ ಅದಕ್ಕೆ ಸೇರಿಸಿ, ಹುರಿದ ಧನಿಯಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ತೆಂಗಿನಕಾಯಿ ರುಬ್ಬಿ ಹಾಕಿ ಕುದಿಸಿದರೆ ಮುದ್ದೆಗೆ ಬೇಕಾದ ಸಾರು ಸಿದ್ಧ. ಅವರೆಕಾಯಿ ಕಾಲದಲ್ಲಾದರೆ ಸಾರು ಕುದಿಯುವ ಮೊದಲು ಒಂದು ಹಿಡಿ ಹಿತಕಿದ ಬೇಳೆಯನ್ನೂ ಹಾಕಿ.